ಕಳೆಯೂ ನೆಲವೂ: ಪ್ರಾಸ್ಟೇಟ್ ಕ್ಯಾನ್ಸರ್ ತಿಳಿಯೋಣ

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)



ರಾಗಿ ಒಕ್ಕಣೆ ಮುಗಿಯಿತು. ಕೈ ಸ್ವಲ್ಪ ಬಿಡುವಾಗಿದೆ. ಇವತ್ತು ಒಂದು ಕಾಯಿಲೆಯ ವಿಚಾರ ಮಾತಾಡೋಣ. ಇದು ಗಂಡಸರಿಗೆ ಬರುವ ಕಾಯಿಲೆ. ಹಾಗಂತ ಹೆಂಗಸರು ಎದ್ದು ಹೋಗಬೇಡಿ. ಮನೆಯ ಯಜಮಾನರು ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋಗ್ತಾರೆ ಅನ್ನೋದು ಮೊದಲು ಗೊತ್ತಾಗೋದು ನಿಮಗೇ ಅಲ್ವಾ?

ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳ್ತೀನಿ.

ನಮ್ಮ ದೊಡ್ಡಪ್ಪನಿಗೆ ಆಗ 62 ವರ್ಷ. ತಳಿ ಕಡೆ ನಮ್ಮ ಹೊಲ. ಗಟ್ಟಿ ಆಳು. ಮೂತ್ರಕ್ಕೆ ಹೋದರೆ ಬೇಗ ಬರುತ್ತಿರಲಿಲ್ಲ. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರು. "ವಯಸ್ಸಾಯ್ತು, ಇನ್ನೇನು" ಅಂತ ಸುಮ್ಮನಿದ್ದರು. ಕೊನೆಗೆ ಒಬ್ಬ ಡಾಕ್ಟರ ಹತ್ತಿರ ಹೋದರು. ಅವರು ಮಾತ್ರೆ ಕೊಟ್ಟರು. ಒಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತ ಚೀಟಿಯನ್ನೂ ಬರೆದುಕೊಟ್ಟರು. ಮಾತ್ರೆ ತಿಂದ ಮೇಲೆ ಮೂತ್ರ ಸಲೀಸಾಯಿತು. ಚೀಟಿ ಮಡಿಸಿ ಪೆಟ್ಟಿಗೆ ತಳದಲ್ಲಿ ಇಟ್ಟರು. ಅಲ್ಲಿಗೆ ಮರೆತರು.

ದೊಡ್ಡಪ್ಪನಿಗೆ ಓದು ಬರುತ್ತಿರಲಿಲ್ಲ. ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಕರೆಂಟ್ ಬಿಲ್ಲು ಎಲ್ಲವನ್ನೂ ನನ್ನ ಕೈಲೇ ಓದಿಸುತ್ತಿದ್ದರು. ಈ ಚೀಟಿಯನ್ನು ಮಾತ್ರ ತೋರಿಸಲಿಲ್ಲ. ಹೆಣ್ಣುಮಗಳ ಹತ್ತಿರ ಇಂಥ ಮಾತು ಹೇಗೆ ಹೇಳೋದು ಅನ್ನೋ ಸಂಕೋಚ. ನಾನೂ ಕೇಳಲಿಲ್ಲ.

ಎರಡು ವರ್ಷ ಕಳೆಯಿತು. ಸೊಂಟ ನೋವು ಶುರುವಾಯಿತು. ಮೂಟೆ ಹೊತ್ತಿದ್ದಕ್ಕೆ ಅಂದುಕೊಂಡೆವು. ಎಣ್ಣೆ ತಿಕ್ಕಿದೆವು, ಶಾಖ ಕೊಟ್ಟೆವು, ಪಟ್ಟು ಹಾಕಿಸಿದೆವು. ಒಂದು ಬೆಳಗ್ಗೆ ಏಳಲಿಕ್ಕೇ ಆಗಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರು ಹೇಳಿದರು: "ಇದು ಸೊಂಟದಲ್ಲಿ ಹುಟ್ಟಿದ ಕಾಯಿಲೆ ಅಲ್ಲಮ್ಮ. ಪ್ರಾಸ್ಟೇಟಿನಲ್ಲಿ ಹುಟ್ಟಿ ಮೂಳೆಗೆ ಬಂದಿದೆ."

ಆಮೇಲೆ ಒಂದು ದಿನ ಪೆಟ್ಟಿಗೆ ತೆಗೆದಾಗ ಆ ಚೀಟಿ ಸಿಕ್ಕಿತು. ಅದರಲ್ಲಿ ಇಂಗ್ಲಿಷಿನ ಮೂರೇ ಅಕ್ಷರ ಇತ್ತು. ಪಿ, ಎಸ್, ಎ. ನಾನು ಬಿ.ಎ. ಓದಿದವಳು. ಅದೇ ಮನೆಯಲ್ಲಿ ಇದ್ದವಳು. ಆಗಲೇ ಪರೀಕ್ಷೆ ಮಾಡಿಸಿದ್ದರೆ ಏನಾಗುತ್ತಿತ್ತು ಅಂತ ಖಚಿತವಾಗಿ ಹೇಳಲಿಕ್ಕೆ ಆಗಲ್ಲ. ಆದರೆ ಮೊದಲೇ ತಿಳಿಯುವ ಒಂದು ಬಾಗಿಲು ಇತ್ತು. ಅದನ್ನು ನಾವು ತೆರೆಯಲಿಲ್ಲ. ಅದಕ್ಕೇ ಈ ಮಾತು.

ಪ್ರಾಸ್ಟೇಟ್ ಅಂದರೆ ಏನು?

ಮೂತ್ರ ತುಂಬಿಕೊಳ್ಳುವ ಚೀಲ ಹೊಟ್ಟೆಯ ಕೆಳಭಾಗದಲ್ಲಿ ಇದೆ. ಆ ಚೀಲದ ಬಾಯಿ ಕೆಳಗೆ, ಮೂತ್ರದ ಕೊಳವೆಯನ್ನು ಸುತ್ತಿಕೊಂಡು ಒಂದು ಗ್ರಂಥಿ ಇದೆ. ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರ. ತೂಕ ಸುಮಾರು 20 ಗ್ರಾಂ. ಅದೇ ಪ್ರಾಸ್ಟೇಟ್. ಇದು ಗಂಡಸರಿಗೆ ಮಾತ್ರ ಇರುತ್ತದೆ. ವೀರ್ಯಕ್ಕೆ ಬೇಕಾದ ಒಂದು ದ್ರವವನ್ನು ಇದು ತಯಾರು ಮಾಡುತ್ತದೆ.

ವಯಸ್ಸಾದಂತೆ ಬಹಳ ಮಂದಿಗೆ ಈ ಗ್ರಂಥಿ ಊದುತ್ತದೆ. ಊದಿದಾಗ ನಡುವಿನ ಕೊಳವೆ ಒತ್ತಿಕೊಳ್ಳುತ್ತದೆ. ಮೂತ್ರ ಕಟ್ಟಿದಂತಾಗುತ್ತದೆ. ಇದು ಬರೀ ಊತ. ಕ್ಯಾನ್ಸರ್ ಅಲ್ಲ. ಯಾರೂ ಹೆದರಬೇಡಿ. ಕ್ಯಾನ್ಸರ್ ಬೇರೆ. ಅದು ಹೆಚ್ಚಾಗಿ ಗ್ರಂಥಿಯ ಹೊರ ಅಂಚಿನಲ್ಲಿ ಹುಟ್ಟುತ್ತದೆ. ಕೊಳವೆಯಿಂದ ದೂರ ಇರುವುದರಿಂದ ಮೊದಮೊದಲು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅದೇ ಅದರ ಮೋಸ.

ಅಕ್ಷರ ತಪ್ಪಿದರೆ

ನಮ್ಮ ಮೈ ತುಂಬಾ ಜೀವಕಣಗಳು. ಮನೆಗೆ ಇಟ್ಟಿಗೆ ಹೇಗೋ ಮೈಗೆ ಜೀವಕಣ ಹಾಗೆ. ಒಬ್ಬ ಮನುಷ್ಯನಲ್ಲಿ ಸುಮಾರು 30 ಲಕ್ಷ ಕೋಟಿ ಕಣಗಳಿವೆ. ಹೆಚ್ಚಿನ ಬಗೆಯ ಕಣಗಳೊಳಗೆ ಒಂದು ಪುಸ್ತಕ ಇದೆ ಅಂದುಕೊಳ್ಳಿ. ಆ ಪುಸ್ತಕಕ್ಕೆ ಡಿಎನ್ಎ ಅಂತ ಹೆಸರು. ಕನ್ನಡ ಕಲಿಯಲು ನಾವು ಎಷ್ಟೊಂದು ಅಕ್ಷರ ತಿದ್ದಿದೆವು! ಆ ಪುಸ್ತಕದಲ್ಲಿ ಇರೋದು ನಾಲ್ಕೇ ಅಕ್ಷರ. ಆ ನಾಲ್ಕನ್ನೇ ಮತ್ತೆ ಮತ್ತೆ ಜೋಡಿಸಿ ಸುಮಾರು 300 ಕೋಟಿ ಅಕ್ಷರಗಳ ಬರಹ ಆಗಿದೆ. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಅನ್ನೋದೆಲ್ಲ ಅದರಲ್ಲಿದೆ.

ಹಳೆಯ ಕಣ ಸತ್ತು ಹೊಸ ಕಣ ಬರಬೇಕು. ಅದಕ್ಕಾಗಿ ಒಂದು ಕಣ ಎರಡಾಗುತ್ತದೆ. ಎರಡಾಗುವ ಮುಂಚೆ ಇಡೀ ಪುಸ್ತಕವನ್ನು ನಕಲು ಮಾಡಿಕೊಳ್ಳುತ್ತದೆ. ನಾವು ಬೋರ್ಡು ನೋಡಿ ಬರೆದುಕೊಳ್ಳುವಾಗ ಒಂದೆರಡು ತಪ್ಪು ಆಗುತ್ತದೆ ಅಲ್ವಾ? "ಕಲೆ" ಬರೆಯಲು ಹೋಗಿ "ಕೊಲೆ" ಬರೆದುಬಿಡ್ತೀವಿ. ಒಂದು ಗುರುತಿನಲ್ಲಿ ಅರ್ಥವೇ ಬೇರೆ. ಕಣಕ್ಕೂ ಹಾಗೆ ತಪ್ಪುಗಳಾಗುತ್ತವೆ.

ತಿದ್ದಲು ಕಣದೊಳಗೆ ಮೇಷ್ಟ್ರೂ ಇದ್ದಾರೆ. ತಪ್ಪು ಹುಡುಕಿ ಸರಿಮಾಡುವ ವ್ಯವಸ್ಥೆ ಇದೆ. ಸರಿಮಾಡಲು ಆಗದಷ್ಟು ಕೆಟ್ಟರೆ ಆ ಕಣ ತಾನಾಗಿ ಸಾಯುತ್ತದೆ. ಊರಿಗೆ ಕೇಡಾಗದಿರಲಿ ಅಂತ ತನ್ನನ್ನೇ ಕೊಟ್ಟುಕೊಳ್ಳುತ್ತದೆ. ಆದರೆ ವಯಸ್ಸಾದಂತೆ ತಪ್ಪುಗಳು ಸೇರುತ್ತಾ ಹೋಗುತ್ತವೆ. ಒಂದು ದಿನ ತಿದ್ದುವ ಮೇಷ್ಟ್ರ ಪಾಠವೇ ಅಳಿಸಿಹೋಗುತ್ತದೆ. "ಸಾಯಿ" ಅನ್ನುವ ಮಾತೂ ಅಳಿಸಿಹೋಗುತ್ತದೆ. ಆಗ ಆ ಕಣ ಯಾರ ಮಾತೂ ಕೇಳದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಇದೇ ಕ್ಯಾನ್ಸರ್.

ಪ್ರಾಸ್ಟೇಟಿನ ಕಣ ಬೆಳೆಯಲು ಒಂದು ರಸದೂತ ಬೇಕು. ಅದಕ್ಕೆ ಟೆಸ್ಟೋಸ್ಟೆರಾನ್ ಎಂದು ಹೆಸರು. ಅದು ಹೆಚ್ಚಾಗಿ ವೃಷಣದಲ್ಲಿ ತಯಾರಾಗಿ ರಕ್ತದಲ್ಲಿ ಬರುತ್ತದೆ. ಕಣದೊಳಗೆ ಒಂದು ಬೀಗ ಇದೆ. ಈ ರಸದೂತ ಬೀಗದ ಕೈ ಇದ್ದ ಹಾಗೆ. ಕೈ ಹಾಕಿ ತಿರುಗಿಸಿದರೆ "ಬೆಳೆ" ಅನ್ನುವ ಪುಟ ತೆರೆಯುತ್ತದೆ. ಒಳ್ಳೆಯ ಕಣ ಅಳತೆಯಲ್ಲಿ ಬೆಳೆಯುತ್ತದೆ. ಕೆಟ್ಟ ಕಣ ಅದನ್ನೇ ನೆಪ ಮಾಡಿಕೊಂಡು ಮಿತಿಮೀರಿ ಬೆಳೆಯುತ್ತದೆ.

ಕಳೆಗೆ ನೆಲ ಬೇಕು

ಈಗ ಮುಖ್ಯವಾದ ಮಾತಿಗೆ ಬರೋಣ. ಬಹಳ ವರ್ಷ ವಿಜ್ಞಾನಿಗಳು ಕೆಟ್ಟ ಕಣವನ್ನು ಮಾತ್ರ ನೋಡುತ್ತಿದ್ದರು. ಆದರೆ ರೈತರಾದ ನಮಗೆ ಗೊತ್ತು. ಕಳೆ ಬೀಜ ಎಲ್ಲಾ ಕಡೆ ಬೀಳುತ್ತದೆ. ಎಲ್ಲಾ ಕಡೆ ಹುಟ್ಟುವುದಿಲ್ಲ. ಕಲ್ಲು ಬಂಡೆ ಮೇಲೆ ಒಣಗಿ ಹೋಗುತ್ತದೆ. ತೇವ, ಗೊಬ್ಬರ ಇದ್ದ ಕಡೆ ಸೊಂಪಾಗಿ ಏಳುತ್ತದೆ. ಕ್ಯಾನ್ಸರಿಗೂ ಹಾಗೇ ನೆಲ ಬೇಕು. ಆ ನೆಲ ಯಾವುದು?

ಪ್ರಾಸ್ಟೇಟಿನಲ್ಲಿ ದ್ರವ ತಯಾರು ಮಾಡುವ ಕಣಗಳು ಸಾಲಾಗಿ ಕೂತಿವೆ. ಆ ಸಾಲಿನ ಸುತ್ತ ಒಂದು ತೆಳು ಪೊರೆ ಇದೆ. ಹೊಲಕ್ಕೆ ಬದು ಇದ್ದ ಹಾಗೆ. ಬದುವಿನ ಆಚೆ ನೆರೆಹೊರೆಯವರು ಇದ್ದಾರೆ. ನಾರು ನೇಯುವ ಕಣಗಳು, ಸ್ನಾಯುವಿನ ಕಣಗಳು, ರಕ್ತನಾಳಗಳು, ನರಗಳು, ರೋಗಾಣು ಬಂದರೆ ಹಿಡಿಯುವ ಕಾವಲು ಕಣಗಳು. ಇಷ್ಟೆಲ್ಲ ಸೇರಿದ್ದೇ ಆ ನೆಲ. ಕ್ಯಾನ್ಸರ್ ಗಂಟಿನ ಪರಿಸರ ಅಂತ ಇದನ್ನು ಕರೆಯುತ್ತಾರೆ.

ಒಳ್ಳೆಯ ನೆರೆಹೊರೆ ಇದ್ದರೆ ಕೆಟ್ಟ ಹುಡುಗನೂ ಸ್ವಲ್ಪ ಹದ್ದುಬಸ್ತಿನಲ್ಲಿ ಇರುತ್ತಾನೆ. ಕೆಟ್ಟ ಸಹವಾಸ ಸೇರಿದರೆ ಹಾಳಾಗುತ್ತಾನೆ. ಇದು ಬರೀ ಗಾದೆ ಮಾತಲ್ಲ. 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದರು. ಮನುಷ್ಯರ ಪ್ರಾಸ್ಟೇಟಿನ ಕಣಗಳನ್ನು ತೆಗೆದುಕೊಂಡರು. ಅವು ಆಗಲೇ ಸ್ವಲ್ಪ ದಾರಿ ತಪ್ಪಿದ್ದವು, ಆದರೆ ಪೂರ್ತಿ ಕ್ಯಾನ್ಸರ್ ಆಗಿರಲಿಲ್ಲ. ಅವನ್ನು ಎರಡು ಪಾಲು ಮಾಡಿದರು. ಒಂದು ಪಾಲನ್ನು ಆರೋಗ್ಯವಾದ ಪ್ರಾಸ್ಟೇಟಿನ ನಾರುಕಣಗಳ ಜೊತೆ ಇಲಿಯ ಮೈಯಲ್ಲಿ ಬೆಳೆಸಿದರು. ಇನ್ನೊಂದು ಪಾಲನ್ನು ಕ್ಯಾನ್ಸರ್ ಗಂಟಿನಿಂದ ತೆಗೆದ ನಾರುಕಣಗಳ ಜೊತೆ ಬೆಳೆಸಿದರು. ಮೊದಲನೆಯದು ದೊಡ್ಡ ಗಂಟಾಗಲಿಲ್ಲ. ಎರಡನೆಯದು ಗಂಟಾಗಿ ಬೆಳೆಯಿತು. ಬೀಜ ಒಂದೇ. ನೆಲ ಬೇರೆ. ಫಲವೂ ಬೇರೆ.

ನೆಲವನ್ನು ಕೆಡಿಸುವುದು ಹೇಗೆ?

ಕೆಟ್ಟ ಕಣ ಸುಮ್ಮನೆ ಇರುವುದಿಲ್ಲ. ನೆರೆಹೊರೆಗೆ ರಾಸಾಯನಿಕ ಸುದ್ದಿ ಕಳಿಸುತ್ತಾ ಇರುತ್ತದೆ. ಅದರಿಂದ ಏನೇನಾಗುತ್ತದೆ ನೋಡಿ.

ಒಂದು. ನಾರುಕಣಗಳು ಬದಲಾಗುತ್ತವೆ. ಮೊದಲು ಬದು ಕಾಯುತ್ತಿದ್ದವು ಈಗ ಕಳೆಗೇ ಗೊಬ್ಬರ ಹಾಕುತ್ತವೆ. ನಾರನ್ನು ಗಟ್ಟಿಯಾಗಿ ನೇಯುತ್ತವೆ. ಅದರಿಂದ ಆ ಜಾಗ ಗಡುಸಾಗುತ್ತದೆ. ಡಾಕ್ಟರು ಬೆರಳಿನಿಂದ ಮುಟ್ಟಿ ನೋಡಿದಾಗ ಗಟ್ಟಿ ಗಂಟು ಸಿಗಬಹುದು.

ಎರಡು. ನೀರಿನ ಕಳ್ಳತನ. ಗಂಟು ಸಾಸಿವೆ ಕಾಳಿಗಿಂತ ದೊಡ್ಡದಾಗಬೇಕಾದರೆ ಅದಕ್ಕೆ ತನ್ನದೇ ರಕ್ತನಾಳ ಬೇಕು. ಈ ಮಾತನ್ನು 1971ರಲ್ಲಿ ಅಮೆರಿಕದ ವೈದ್ಯ ಜೂಡಾ ಫೋಕ್‌ಮನ್ ಹೇಳಿದರು. ಉಸಿರುಗಾಳಿ ಸಾಲದೆ ಕಣಗಳು ಒದ್ದಾಡುವಾಗ "ಇಲ್ಲಿಗೆ ರಕ್ತ ಬೇಕು" ಅಂತ ಸುದ್ದಿ ಹೋಗುತ್ತದೆ. ಹತ್ತಿರದ ನಾಳದಿಂದ ಹೊಸ ಕವಲು ಒಡೆದು ಗಂಟಿನ ಕಡೆ ಬರುತ್ತದೆ. ಪಕ್ಕದವರ ಗುಲಾಬಿ ತೋಟದ ಡ್ರಿಪ್ ಪೈಪಿಗೆ ತೂತು ಹಾಕಿ ನೀರು ಎಳೆದುಕೊಂಡ ಹಾಗೆ.

ಮೂರು. ಕಾವಲುಗಾರರಿಗೆ ಮೋಸ. ಕಳ್ಳ ಮುದ್ದೆ ತುಂಡು ಹಾಕಿದರೆ ಕೆಲವು ನಾಯಿಗಳು ಬಾಲ ಅಲ್ಲಾಡಿಸುತ್ತವೆ. ನಮ್ಮ ಕಾವಲು ಕಣಗಳಲ್ಲೂ ಕೆಲವು ಹಾಗೇ ಆಗುತ್ತವೆ. ಹಿಡಿಯುವುದು ಬಿಟ್ಟು ಗಂಟು ಬೆಳೆಯಲು ನೆರವು ಕೊಡುತ್ತವೆ. ನಿಜವಾಗಿ ಹೊಡೆದು ಹಾಕುವ ಕಾವಲು ಕಣಗಳನ್ನು ಒಳಗೆ ಬಿಡುವುದಿಲ್ಲ.

ನಾಲ್ಕು. ಬದು ಒಡೆಯುತ್ತದೆ. ಪೊರೆಯನ್ನು ಕರಗಿಸುವ ರಸ ಹೊರಬರುತ್ತದೆ. ಬದುವಿನ ಒಳಗಿದ್ದ ಕಳೆ ಆಚೆ ನುಗ್ಗುತ್ತದೆ. ರಕ್ತನಾಳ ಸಿಕ್ಕಿದರೆ ಅದರಲ್ಲಿ ತೇಲಿಕೊಂಡು ದೂರ ಹೋಗುತ್ತದೆ.

ಇದೆಲ್ಲ ಒಂದು ದಿನದ ಕೆಲಸ ಅಲ್ಲ. ಪ್ರಾಸ್ಟೇಟಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಬಹಳ ವರ್ಷ ಹಿಡಿಯುತ್ತದೆ. ಎಷ್ಟೋ ಜನರಲ್ಲಿ ಕಳೆ ಅಲ್ಲೇ ಸಣ್ಣದಾಗಿ ಉಳಿದುಬಿಡುತ್ತದೆ. ಅವರು ತುಂಬು ಬಾಳು ಬಾಳಿ ಬೇರೆ ಕಾರಣಕ್ಕೆ ತೀರಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಬದು ದಾಟುತ್ತದೆ.

ಮೂಳೆಗೇ ಯಾಕೆ ಹೋಗುತ್ತದೆ?

1889ರಲ್ಲಿ ಲಂಡನ್ನಿನಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ವೈದ್ಯರಿದ್ದರು. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ದಾಖಲೆಗಳನ್ನು ಅವರು ಕೂತು ನೋಡಿದರು. ಕ್ಯಾನ್ಸರ್ ಕಂಡ ಕಂಡ ಕಡೆ ಹೋಗಿರಲಿಲ್ಲ. ಕೆಲವು ಅಂಗಗಳಿಗೇ ಹೆಚ್ಚು ಹೋಗಿತ್ತು. ಆಗ ಅವರು ಬೀಜ ಮತ್ತು ನೆಲದ ಮಾತು ಹೇಳಿದರು. ಗಿಡದ ಬೀಜ ಎಲ್ಲಾ ದಿಕ್ಕಿಗೂ ಹಾರುತ್ತದೆ, ಒಗ್ಗುವ ನೆಲದಲ್ಲಿ ಮಾತ್ರ ಬೆಳೆಯುತ್ತದೆ ಅಂತ. ನಮ್ಮ ಹಿರಿಯರಿಗೆ ಹೊಲದಲ್ಲಿ ಗೊತ್ತಿದ್ದ ಮಾತು ಅವರಿಗೆ ಆಸ್ಪತ್ರೆಯ ಕಾಗದದಲ್ಲಿ ಗೊತ್ತಾಯಿತು.

ಪ್ರಾಸ್ಟೇಟ್ ಕ್ಯಾನ್ಸರಿಗೆ ಒಗ್ಗುವ ನೆಲ ಮೂಳೆ. ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು. ಮೂಳೆಯಲ್ಲಿ ಎರಡು ಥರದ ಕೆಲಸಗಾರರು ಇದ್ದಾರೆ. ಹಳೆಯದನ್ನು ಕೆಡವುವವರು, ಹೊಸದನ್ನು ಕಟ್ಟುವವರು. ಕ್ಯಾನ್ಸರ್ ಕಣ ಬಂದು ಇವರಿಗೆ ತಪ್ಪು ಸುದ್ದಿ ಕೊಡುತ್ತದೆ. ಕಟ್ಟುವವರು ಅಡ್ಡಾದಿಡ್ಡಿ ಕಟ್ಟುತ್ತಾರೆ. ತೂಗುಗುಂಡು ಹಿಡಿಯದೆ ಕಟ್ಟಿದ ಗೋಡೆ ದಪ್ಪ ಇದ್ದರೂ ನಿಲ್ಲುತ್ತದಾ? ಮೂಳೆಯೂ ಹಾಗೇ. ಕೆಡವಿದಾಗ ಮೂಳೆಯಲ್ಲಿ ಕೂಡಿಟ್ಟಿದ್ದ ಸಾರ ಹೊರಗೆ ಬರುತ್ತದೆ. ಅದನ್ನು ತಿಂದು ಕ್ಯಾನ್ಸರ್ ಮತ್ತಷ್ಟು ಬೆಳೆಯುತ್ತದೆ. ನಮ್ಮ ದೊಡ್ಡಪ್ಪನ ಸೊಂಟದಲ್ಲಿ ಆಗಿದ್ದು ಇದೇ. ನಾವು ಮೇಲೆ ಎಣ್ಣೆ ತಿಕ್ಕುತ್ತಿದ್ದೆವು.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಮೂತ್ರ ಬರಲು ತಡವಾದರೆ, ಧಾರೆ ಸಣ್ಣದಾದರೆ, ರಾತ್ರಿ ಪದೇ ಪದೇ ಏಳಬೇಕಾದರೆ ಹೋಗಿ. ಮೂತ್ರದಲ್ಲಿ ಅಥವಾ ವೀರ್ಯದಲ್ಲಿ ರಕ್ತ ಕಂಡರೆ ಹೋಗಿ. ವಯಸ್ಸಾದವರಿಗೆ ಬೆನ್ನು, ಸೊಂಟದ ನೋವು ವಾರಗಟ್ಟಲೆ ಬಿಡದೆ, ರಾತ್ರಿ ಮಲಗಿದಾಗಲೂ ಇದ್ದರೆ ಹೋಗಿ. ಬೆನ್ನು ನೋವಿನ ಜೊತೆ ಕಾಲಿಗೆ ಶಕ್ತಿ ಇಲ್ಲದಂತಾದರೆ, ಕಾಲು ಜೋಮು ಹಿಡಿದರೆ, ಮೂತ್ರ ಪೂರ್ತಿ ನಿಂತರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ಅನ್ನಬಾರದು.

ಇದು ಹೆಚ್ಚಾಗಿ 50 ದಾಟಿದವರಿಗೆ ಬರುತ್ತದೆ. ತಂದೆಗೋ ಒಡಹುಟ್ಟಿದವರಿಗೋ ಬಂದಿದ್ದರೆ ಬರುವ ಸಂಭವ ಸುಮಾರು ಎರಡರಷ್ಟು. ಅಂಥವರು 45ಕ್ಕೇ ಡಾಕ್ಟರನ್ನು ಕೇಳುವುದು ಒಳ್ಳೆಯದು. ಇದು ಅಂಟುವ ರೋಗ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರಲ್ಲ, ಒಂದೇ ಚಾಪೆಯಲ್ಲಿ ಮಲಗಿದರೂ ಬರಲ್ಲ. ಯಾರ ಪಾಪದ ಫಲವೂ ಅಲ್ಲ.

ಪಿಎಸ್ಎ ಅಂದರೆ ಪ್ರಾಸ್ಟೇಟ್ ತಯಾರು ಮಾಡುವ ಒಂದು ಪ್ರೋಟೀನು. ತೋಳಿನಿಂದ ಸ್ವಲ್ಪ ರಕ್ತ ತೆಗೆದು ಅದನ್ನು ಅಳೆಯುತ್ತಾರೆ. ಕ್ಯಾನ್ಸರ್ ಇದ್ದರೆ ಅದು ಏರಬಹುದು. ಬರೀ ಊತ ಇದ್ದರೂ, ಸೋಂಕು ಇದ್ದರೂ ಏರಬಹುದು. ಆದ್ದರಿಂದ ಏರಿದ ಕೂಡಲೇ ಕ್ಯಾನ್ಸರ್ ಅಂತ ಅಳಬೇಡಿ. ಡಾಕ್ಟರು ಬೆರಳಿನಿಂದ ಮುಟ್ಟಿ ನೋಡುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ. ಅನುಮಾನ ಇದ್ದರೆ ಸೂಜಿಯಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆಮೇಲೆ ತೀರ್ಮಾನ. ಎಲ್ಲರಿಗೂ ಈ ಪರೀಕ್ಷೆ ಬೇಕೇ ಬೇಕು ಅಂತಲ್ಲ. ನಿಮಗೆ ಬೇಕಾ ಅಂತ ಬಾಯಿ ಬಿಟ್ಟು ಕೇಳಿ.

ಚಿಕಿತ್ಸೆ ಇದೆಯಾ?

ಇದೆ. ನಿಧಾನವಾಗಿ ಬೆಳೆಯುವ ಗಂಟಾದರೆ ಕೆಲವೊಮ್ಮೆ ಔಷಧಿ ಕೊಡದೆ ಆಗಾಗ ಪರೀಕ್ಷೆ ಮಾಡುತ್ತಾ ಕಾಯುತ್ತಾರೆ. ಬದುವಿನ ಒಳಗೇ ಇದ್ದರೆ ಆಪರೇಷನ್ ಅಥವಾ ವಿಕಿರಣ ಚಿಕಿತ್ಸೆಯಿಂದ ವಾಸಿ ಮಾಡುವ ಅವಕಾಶ ಚೆನ್ನಾಗಿದೆ.

ಮೂಳೆಗೆ ಹೋಗಿದ್ದರೆ ರಸದೂತನನ್ನು ತಡೆಯುತ್ತಾರೆ. 1941ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು ಇದನ್ನು ತೋರಿಸಿಕೊಟ್ಟರು. ವೃಷಣ ತೆಗೆದರೆ ಬೀಗದ ಕೈ ಸಿಗದೆ ಕ್ಯಾನ್ಸರ್ ಕುಗ್ಗುತ್ತದೆ ಅಂತ. ಅದಕ್ಕೆ 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈಗ ಅದೇ ಕೆಲಸ ಮಾಡುವ ಇಂಜೆಕ್ಷನ್ನುಗಳಿವೆ, ಮಾತ್ರೆಗಳಿವೆ. ಆದರೆ ಪಾರ್ಥೇನಿಯಂ ಗಿಡ ಬರಗಾಲದಲ್ಲೂ ಬದುಕುವ ಹಾಗೆ ಕ್ಯಾನ್ಸರ್ ಕಣಗಳೂ ಕಾಲಕ್ರಮದಲ್ಲಿ ಸ್ವಲ್ಪ ರಸದಲ್ಲೇ ಬದುಕುವುದನ್ನು ಕಲಿಯುತ್ತವೆ. ಅದಕ್ಕೆ ಬೇರೆ ಔಷಧಿಗಳು ಬಂದಿವೆ. ಮೂಳೆಯನ್ನು ಗಟ್ಟಿ ಮಾಡುವ ಔಷಧಿಯನ್ನೂ ಕೊಡುತ್ತಾರೆ. ಕಳೆ ಕೀಳುವುದರ ಜೊತೆಗೆ ನೆಲವನ್ನೂ ನೋಡಿಕೊಳ್ಳುತ್ತಾರೆ.

ಎಲ್ಲಿ ಹೋಗಬೇಕು? ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ. ಕೃಷ್ಣಗಿರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. 2022ರ ಜನವರಿಯಲ್ಲಿ ಅದರ ಉದ್ಘಾಟನೆ ಆಯಿತು. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಅದು ಇರುವ ರಸ್ತೆಯನ್ನು ಜನ ಕರೆಯೋದೇ ಹೊಸೂರು ರಸ್ತೆ ಅಂತ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಚೆನ್ನೈಯಲ್ಲಿ 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಶುರುಮಾಡಿದ ಅಡಯಾರ್ ಕ್ಯಾನ್ಸರ್ ಸಂಸ್ಥೆ ಇದೆ. ಖರ್ಚಿಗೆ ಮುಖ್ಯಮಂತ್ರಿ ವಿಮಾ ಯೋಜನೆಯ ಕಾರ್ಡು ನಡೆಯುತ್ತದಾ ಅಂತ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

2021ರ ಆಗಸ್ಟ್ 5ರಂದು ನಮ್ಮ ಶೂಲಗಿರಿ ಕಡೆಯ ಸಾಮನಪಳ್ಳಿಯಲ್ಲೇ ಮನೆ ಬಾಗಿಲಿಗೆ ವೈದ್ಯ ಸೇವೆ ಕೊಡುವ ಯೋಜನೆಯನ್ನು ತಮಿಳುನಾಡು ಸರ್ಕಾರ ಶುರುಮಾಡಿತು. ಬಿ.ಪಿ., ಸಕ್ಕರೆ ಕಾಯಿಲೆ ನೋಡಲು ನಿಮ್ಮ ಮನೆಗೆ ಯಾರಾದರೂ ಬಂದರೆ ಮೂತ್ರದ ತೊಂದರೆಯನ್ನೂ ಅವರಿಗೆ ಹೇಳಿ.

ಕೊನೆಯ ಮಾತು

ದೊಡ್ಡಪ್ಪ ಇಂಜೆಕ್ಷನ್ ತೆಗೆದುಕೊಂಡರು. ನೋವು ಇಳಿಯಿತು. ಕೋಲು ಹಿಡಿದು ಹೊಲದ ಬದುವಿನ ತನಕ ನಡೆದರು. ಮೂರು ವರ್ಷ ನಮ್ಮ ಜೊತೆ ಇದ್ದು ತೀರಿಕೊಂಡರು. ಆ ಮೂರು ವರ್ಷದಲ್ಲಿ ತಮ್ಮ ಹೆಸರು ಬರೆಯೋದು ಕಲಿತರು. ಆಸ್ಪತ್ರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದರು.

ನಮ್ಮಪ್ಪ ಅವರ ಒಡಹುಟ್ಟಿದ ತಮ್ಮ. ನಾನೇ ಅಪ್ಪನನ್ನು ಹೊಸೂರಿಗೆ ಬಸ್ಸಲ್ಲಿ ಕರೆದುಕೊಂಡು ಹೋದೆ. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಪರೀಕ್ಷೆಯ ಕಾಗದ ಬಂದಾಗ "ಏನಂತ ಬರೆದವ್ರೆ, ಓದಮ್ಮ" ಅಂದರು. ಓದಿದೆ. ಅಳತೆ ಸರಿಯಾಗಿತ್ತು. ಮತ್ತೆ ಯಾವಾಗ ಬರಬೇಕು ಅಂತ ಡಾಕ್ಟರನ್ನು ಅಪ್ಪನೇ ಕೇಳಿದರು.

ನಮ್ಮ ಊರುಗಳಲ್ಲಿ ಬಸ್ಸಿನ ಬೋರ್ಡು ತಮಿಳು, ಔಷಧಿ ಚೀಟಿ ಇಂಗ್ಲಿಷು, ಮನೆ ಮಾತು ಕನ್ನಡ. ಮೂರೂ ಬಾರದೆ ಇದ್ದರೂ ಪರವಾಗಿಲ್ಲ. ಚೀಟಿಯನ್ನು ಬಚ್ಚಿಡಬೇಡಿ. ಓದಲು ಬರುವವರಿಗೆ ತೋರಿಸಿ. ಮಗಳಾದರೂ ಸರಿ, ಸೊಸೆಯಾದರೂ ಸರಿ, ನಮ್ಮ ಕೇಂದ್ರದ ಪ್ರೇರಕರಾದರೂ ಸರಿ. ಕಾಯಿಲೆಯಲ್ಲಿ ನಾಚಿಕೆ ಇಲ್ಲ.

ಇವತ್ತು ಮನೆಗೆ ಹೋಗಿ ಪೆಟ್ಟಿಗೆ ತಳ ಒಮ್ಮೆ ನೋಡಿ. ಹಳೆಯ ಚೀಟಿ ಇದ್ದರೆ ನಾಳೆ ಸಂಜೆ ಕೇಂದ್ರಕ್ಕೆ ತನ್ನಿ. ಕೂತು ಓದೋಣ.

ಓದಿ, ಬರೆಯಿರಿ: ಜೀವಕಣ, ಗ್ರಂಥಿ, ಪ್ರಾಸ್ಟೇಟ್, ಮೂತ್ರ, ಮೂಳೆ, ರಕ್ತ ಪರೀಕ್ಷೆ. ಪಿಎಸ್ಎ ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆ ಎಂದು ಪ್ರೇರಕರಿಂದ ಬೋರ್ಡಿನ ಮೇಲೆ ಬರೆಸಿ ಗುರುತು ಹಿಡಿಯಿರಿ.